ಸರ್ಕಾರಿ ವಕೀಲರು ಬೇರೆ, ಉಚಿತ ವಕೀಲರು ಬೇರೆ

ಕುಡಿತ, ಗಾಂಜಾದ ದೆಸೆಯಿಂದ ಕೋರ್ಟು, ಸ್ಟೇಷನ್ ಅಲೆಯುತ್ತಿರುವವರು ಬರೆಯಿರಿ ಅಂತ ಹೋದ ತಿಂಗಳು ಕೇಳಿದ್ದೆ. ಕುಡಿಯುವವರು, ಸೇದುವವರು ಬರೆದದ್ದು ಒಂದೆರಡೇ ಪತ್ರ. ಉಳಿದದ್ದೆಲ್ಲ ಅಮ್ಮಂದಿರದು, ಹೆಂಡತಿಯರದು. ಒಬ್ಬರು ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಬರೆದಿದ್ದಾರೆ. ಹಿಂಬದಿಯಲ್ಲಿ ಅರ್ಧ ಮಾಡಿದ ಭಾಗಾಕಾರ ಇತ್ತು. ನಾನು ಜಿಲ್ಲಾ ಕೋರ್ಟಿನಲ್ಲಿ 24 ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಅದರಲ್ಲಿ ಬಹುಪಾಲು, ಉಚಿತ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿ. ಹಾಗಾಗಿ ಈ ಸಲ ಓದಿದ್ದಕ್ಕಿಂತ ಕಂಡದ್ದೇ ಜಾಸ್ತಿ ಬರುತ್ತದೆ. ಪತ್ರ ಬರೆದವರ ಹೆಸರು, ಊರು ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್. ಯಜಮಾನರು ತೀರಿಕೊಂಡು ಆರು ವರ್ಷ. ಮಗನಿಗೆ 20, ಡೆಲಿವರಿ ಕೆಲಸ ಮಾಡ್ತಾನೆ. ಹೋದ ಭಾನುವಾರ ಕೆರೆ ಏರಿ ಮೇಲೆ ಇಬ್ಬರು ಸ್ನೇಹಿತರ ಜೊತೆ ಕೂತಿದ್ದಾಗ ಪೊಲೀಸರು ಹಿಡಿದರು. ಬ್ಯಾಗಿನಲ್ಲಿ 180 ಗ್ರಾಂ ಗಾಂಜಾ ಸಿಕ್ಕಿತು ಅಂತ ಬರೆದಿದ್ದಾರೆ. ಈಗ ಜೈಲಿನಲ್ಲಿದ್ದಾನೆ. ಕೋರ್ಟ್ ಗೇಟಿನ ಹತ್ತಿರ ಒಬ್ಬರು ‘ಇದು 20 ವರ್ಷದ ಕೇಸು, 60 ಸಾವಿರ ಆಗುತ್ತೆ’ ಅಂದರು. ನನ್ನ ಸಂಬಳ 12 ಸಾವಿರ. ಸರ್ಕಾರಿ ವಕೀಲರು ಉಚಿತ ಅಂತ ಯಾರೋ ಹೇಳಿದರು. ಅವರನ್ನು ಕೇಳಿದರೆ ಮಾತೇ ಆಡದೆ ಕಳಿಸಿಬಿಟ್ಟರು. ಓಲೆ ಅಡ ಇಡಲಾ? ಮಗ ಸೇದ್ತಾನೆ ಅನ್ನೋದು ನಿಜ. ಅದನ್ನು ವಕೀಲರ ಹತ್ತಿರ ಹೇಳಬಹುದಾ, ಮುಚ್ಚಿಡಬೇಕಾ?

ಉತ್ತರ: ಓಲೆ ಕಿವಿಯಲ್ಲೇ ಇರಲಿ ಅಮ್ಮ.

ನೀವು ಹೋಗಿ ಕೇಳಿದ್ದು ಎದುರು ಕಡೆಯ ವಕೀಲರನ್ನು. ಸರ್ಕಾರಿ ವಕೀಲರು ಅಂದರೆ ಪೊಲೀಸರ ಪರವಾಗಿ ಕೇಸು ನಡೆಸುವವರು. ಪಬ್ಲಿಕ್ ಪ್ರಾಸಿಕ್ಯೂಟರ್, ನಾವು ಪಿ.ಪಿ. ಅನ್ನುತ್ತೇವೆ. ನಿಮ್ಮ ಮಗನಿಗೆ ಶಿಕ್ಷೆ ಕೊಡಿ ಅಂತ ನಿಂತು ಕೇಳುವುದೇ ಅವರ ಕೆಲಸ. ಅವರು ಮಾತಾಡದೆ ಕಳಿಸಿದ್ದು ಒಳ್ಳೆಯದೇ ಆಯಿತು. ಈ ಗೊಂದಲ ನಿಮ್ಮೊಬ್ಬರದೇ ಅಲ್ಲ. ವಾರಕ್ಕೊಬ್ಬರಾದರೂ ಪಿ.ಪಿ. ಕೊಠಡಿ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿರುವುದನ್ನು ನೋಡುತ್ತೇನೆ. ‘ಸರ್ಕಾರದ ಖರ್ಚಿನಲ್ಲಿ ವಕೀಲರು’ ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗಿ ‘ಸರ್ಕಾರಿ ವಕೀಲರು’ ಆಗಿಬಿಟ್ಟಿದೆ.

ನೀವು ಹೋಗಬೇಕಾದದ್ದು ಅದೇ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ. ತಾಲೂಕಿನಲ್ಲಾದರೆ ತಾಲೂಕು ಕಾನೂನು ಸೇವಾ ಸಮಿತಿ. ಗೇಟಿನಲ್ಲಿ ನಿಂತವರನ್ನು ಕೇಳಬೇಡಿ, ಒಳಗಿನ ಸಿಬ್ಬಂದಿಯನ್ನು ಕೇಳಿ. ದಾರಿ ಸಿಗದಿದ್ದರೆ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಯಾರಿಗೆಲ್ಲ ಉಚಿತ ವಕೀಲರು ಅನ್ನುವ ಪಟ್ಟಿ ಇದೆ. ಕಸ್ಟಡಿಯಲ್ಲಿ ಇರುವವರು ಅದರಲ್ಲಿ ಬರುತ್ತಾರೆ. ಅವರಿಗೆ ಸಂಬಳ ಎಷ್ಟು, ಜಮೀನು ಎಷ್ಟು ಅಂತ ಯಾರೂ ಕೇಳುವ ಹಾಗಿಲ್ಲ. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಅಷ್ಟೇ. ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿಯಲ್ಲಿ ಸಾಲು ನಿಂತು ಎರಡು ದಿನದ ಕೂಲಿ ಕಳೆದುಕೊಳ್ಳಬೇಡಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಿ: ಮಗನ ಹೆಸರು, ಕ್ರೈಂ ನಂಬರ್, ಯಾವ ಸ್ಟೇಷನ್, ಯಾವ ಜೈಲು. ಬರೆಯಲು ಬಾರದಿದ್ದರೆ ಅಲ್ಲಿರುವ ಅರೆಕಾನೂನು ಸ್ವಯಂಸೇವಕರು ಬರೆದುಕೊಡುತ್ತಾರೆ. ಮಗನೇ ಜೈಲಿನ ಕಾನೂನು ನೆರವು ಕ್ಲಿನಿಕ್‌ನಲ್ಲಿ ಕೇಳಿಕೊಂಡರೂ ಆಗುತ್ತದೆ.

ಈಗ ಜಿಲ್ಲಾ ಕೋರ್ಟುಗಳಲ್ಲಿ ಇಂಥ ಕೇಸು ನಡೆಸಲೆಂದೇ ಸಂಬಳದ ಮೇಲೆ ಡಿಫೆನ್ಸ್ ಕೌನ್ಸೆಲ್, ಅಂದರೆ ಆರೋಪಿ ಪರ ವಕೀಲರು ಇದ್ದಾರೆ. ಅವರು ಬೇರೆ ಖಾಸಗಿ ಕೇಸು ಹಿಡಿಯುವಂತಿಲ್ಲ. ಪ್ರಾಧಿಕಾರ ಕೊಟ್ಟ ವಕೀಲರು ಯಾರೇ ಆಗಲಿ, ನಿಮ್ಮಿಂದ ದುಡ್ಡು ಮುಟ್ಟುವಂತಿಲ್ಲ. ಟೈಪಿಂಗ್, ನಕಲು ಅಂತಲೂ ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ. ಅವರೂ ಒಬ್ಬ ನ್ಯಾಯಾಧೀಶರೇ. ನಮ್ಮವರ ಮೇಲೆ ದೂರು ಕೊಡಿ ಅಂತ ನಾನೇ ಬರೆಯುವುದು ಕೆಲವರಿಗೆ ಸರಿಬರಲಿಕ್ಕಿಲ್ಲ. ಬಿಡಿ.

ಇನ್ನು ಆ ‘20 ವರ್ಷ’. ಗೇಟಿನವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಅಪಾಯ. ಮಾದಕ ವಸ್ತು ಕಾಯ್ದೆಯಲ್ಲಿ ಎಲ್ಲವೂ ತೂಕದ ಮೇಲೆ. ಗಾಂಜಾ ಒಂದು ಕೆ.ಜಿ.ವರೆಗೆ ಇದ್ದರೆ ಸಣ್ಣ ಪ್ರಮಾಣ. ಅದಕ್ಕೆ ಹೆಚ್ಚೆಂದರೆ ಒಂದು ವರ್ಷ ಶಿಕ್ಷೆ, ಇಲ್ಲವೇ 10,000ದವರೆಗೆ ದಂಡ, ಇಲ್ಲವೇ ಎರಡೂ. ಕನಿಷ್ಠ 10 ವರ್ಷ, 20ರವರೆಗೂ ಹೋಗಬಹುದು ಅನ್ನುವುದು 20 ಕೆ.ಜಿ. ದಾಟಿದ ವ್ಯಾಪಾರಿ ಪ್ರಮಾಣಕ್ಕೆ. ಜಾಮೀನು ಸಿಗುವುದೇ ಕಷ್ಟ ಅನ್ನುವ 37ನೇ ಸೆಕ್ಷನ್ನಿನ ಬಿಗಿಯೂ ಅಂಥ ದೊಡ್ಡ ಕೇಸುಗಳಿಗೆ. 180 ಗ್ರಾಂ ಎಲ್ಲಿ, 20 ಕೆ.ಜಿ. ಎಲ್ಲಿ? ನಿಮ್ಮ ಮಗನಿಗೆ ಜಾಮೀನು ಸಿಗಲು ಈ ಸೆಕ್ಷನ್ ಅಡ್ಡ ಬರುವುದಿಲ್ಲ. (ಇದನ್ನು ಎಲ್ಲ ಮಾದಕ ವಸ್ತುಗಳಿಗೂ ಅನ್ವಯಿಸಬೇಡಿ. ಎಂಡಿಎಂಎ ಅನ್ನುತ್ತಾರಲ್ಲ, ಅದರಲ್ಲಿ ಅರ್ಧ ಗ್ರಾಂ ಮಾತ್ರ ಸಣ್ಣದು, 10 ಗ್ರಾಂಗೇ ವ್ಯಾಪಾರಿ ಪ್ರಮಾಣ.)

ವಕೀಲರು ಸಿಕ್ಕಿದ ಕೂಡಲೇ ಒಂದು ವಿಷಯ ಹೇಳಿ. ಬ್ಯಾಗ್ ಯಾರದು? ಮೂವರಲ್ಲಿ ಯಾರ ಹೆಗಲ ಮೇಲಿತ್ತು? ಮಗನ ಜೇಬಿನಲ್ಲಿ ಏನಾದರೂ ಸಿಕ್ಕಿತ್ತಾ? ಮೈ ತಪಾಸಣೆ ಮಾಡುವ ಮುಂಚೆ ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆ ಕೇಳುವ ಹಕ್ಕು ನಿನಗಿದೆ’ ಅಂತ ಪೊಲೀಸರು ಹೇಳಲೇಬೇಕು. ಬ್ಯಾಗಿಗೆ ಆ ನಿಯಮ ಇಲ್ಲ. ಜೇಬೋ ಬ್ಯಾಗೋ ಅನ್ನುವುದರ ಮೇಲೆ ಕೇಸು ಇತ್ತ ವಾಲುವುದುಂಟು, ಅತ್ತ ವಾಲುವುದೂ ಉಂಟು.

ಜಾಮೀನು ಆದೇಶ ಆದಮೇಲೂ ಬಡವರ ಮಕ್ಕಳು ಒಳಗೇ ಉಳಿಯುತ್ತಾರೆ. ಯಾಕೆಂದರೆ ಪಹಣಿ ಇರುವ ಜಾಮೀನುದಾರ ಬೇಕು. ಬಾಡಿಗೆ ಮನೆಯವರಿಗೆ ಪಹಣಿ ಎಲ್ಲಿಂದ ಬರಬೇಕು ಹೇಳಿ. 1978ರಲ್ಲಿ ಮಧ್ಯಪ್ರದೇಶದ ಮೋತಿ ರಾಮ್ ಅನ್ನುವ ಗಾರೆ ಕೆಲಸದವರಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅಣ್ಣತಮ್ಮ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ಚೆನ್ನಾಗಿ ಜಾಡಿಸಿ, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದರು. ನಾನು ಜಾಮೀನು ಅರ್ಜಿಗಳಲ್ಲಿ ಇವತ್ತಿಗೂ ಆ ತೀರ್ಪನ್ನು ಹೇಳುತ್ತೇನೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ನಿರ್ದೇಶನವನ್ನೂ ಕೊಟ್ಟಿದೆ. ಜಾಮೀನಾಗಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನವರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೋರ್ಟ್ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ತಾನಾಗೇ ಆಗುತ್ತದೆ ಅಂತ ಕಾಯಬೇಡಿ. ಎಂಟನೇ ದಿನ ನೀವೇ ಕಚೇರಿಗೆ ಹೋಗಿ ನೆನಪಿಸಿ.

ಸೇದುವ ವಿಷಯ ವಕೀಲರಿಗೆ ಹೇಳಲೇಬೇಕು. ಮೊದಲ ದಿನವೇ. ನೀವು ನಮಗೆ ಹೇಳಿದ್ದನ್ನು ನಾವು ಹೊರಗೆ ಹೇಳುವಂತಿಲ್ಲ, ಅದಕ್ಕೆ ಕಾನೂನೇ ಬೀಗ ಹಾಕಿದೆ. ಮುಚ್ಚಿಟ್ಟರೆ ನಷ್ಟ ನಿಮಗೇ. ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು, ಸಣ್ಣ ಪ್ರಮಾಣದ ಕೇಸು, ತಾನಾಗಿ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ, ಅವನ ಮೇಲೆ ಕೇಸು ನಡೆಸದಂತೆ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು. ಇನ್ನು 39ನೇ ಸೆಕ್ಷನ್: ತಪ್ಪು ಸಾಬೀತಾದರೂ ಜೈಲಿಗೆ ಕಳಿಸುವ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು, ವರ್ಷದೊಳಗೆ ವರದಿ ಕೊಡಬೇಕು. ಇವೆರಡನ್ನೂ ಕೇಳುವ ವಕೀಲರು ಕಡಿಮೆ. ಕೇಳದೇ ಇರುವುದಕ್ಕೆ ಮುಖ್ಯ ಕಾರಣ, ಮನೆಯವರು ‘ನನ್ನ ಮಗ ಮುಟ್ಟಿಯೇ ಇಲ್ಲ ಸಾರ್’ ಅಂತ ದೇವರಾಣೆ ಹಾಕಿರುತ್ತಾರೆ. ಒಂದು ಎಚ್ಚರಿಕೆ. ವಾರಕ್ಕೊಮ್ಮೆ ಸುಮ್ನೆ ಸೇದುವವನು ಈ ಕಾಯ್ದೆಯ ಲೆಕ್ಕದಲ್ಲಿ ವ್ಯಸನಿ ಅಲ್ಲ. ಆಸ್ಪತ್ರೆಯ ಕಾಗದವೇ ಅದನ್ನು ಹೇಳಬೇಕು.

ಪ್ರಶ್ನೆ: ನಮ್ಮೆಜಮಾನರು ಟೈಲ್ಸ್ ಕೆಲಸ ಮಾಡ್ತಾರೆ. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದರು, ಈಗ ಬೆಳಿಗ್ಗೆ ಎದ್ದ ತಕ್ಷಣ ಒಂದು ಪ್ಯಾಕೆಟ್ ಬೇಕು. ಇಲ್ಲದಿದ್ದರೆ ಟೀ ಲೋಟ ಹಿಡಿಯಲಾರರು, ಅಷ್ಟು ನಡುಕ. ಹೊಡೀತಾರೆ. ಗೃಹಲಕ್ಷ್ಮಿ ದುಡ್ಡು ಬಂದ ದಿನ ನನ್ನ ಎಟಿಎಂ ಕಾರ್ಡ್ ಅವರ ಜೇಬಿನಲ್ಲಿ. ಡೈವೋರ್ಸ್ ಬೇಡ, ಜೈಲಿಗೆ ಹಾಕಿಸೋದೂ ಬೇಡ. ಕುಡಿಯದಿದ್ದಾಗ ದೇವರಂಥ ಮನುಷ್ಯ. ‘ಒಂದು ವಾರ ರೂಮಿಗೆ ಹಾಕಿ ಬೀಗ ಹಾಕು, ತಾನಾಗೇ ಬಿಡ್ತಾನೆ’ ಅಂತಾರೆ ನಮ್ಮತ್ತೆ. ಒಂದು ಸೆಂಟರ್‌ನವರು ಗಾಡಿ ತಂದು ಎತ್ತಿಕೊಂಡು ಹೋಗ್ತೇವೆ, ತಿಂಗಳಿಗೆ 15 ಸಾವಿರ, ಆರು ತಿಂಗಳು ಅಂದಿದ್ದಾರೆ. ಸೇರಿಸಬಹುದಾ?

ಉತ್ತರ: ಬೀಗ ಹಾಕಬೇಡಿ. ಇದು ಕಾನೂನಿನ ಮಾತಿಗಿಂತ ಮೊದಲು ಜೀವದ ಮಾತು.

ಪ್ಯಾನೆಲ್‌ಗೆ ಸೇರಿದ ಹೊಸತರಲ್ಲಿ ಸೆಂಟ್ರಿಂಗ್ ಕೆಲಸದ ಒಬ್ಬನ ಪರವಾಗಿ ನಿಂತಿದ್ದೆ. ತಾಮ್ರದ ವೈರ್ ಕದ್ದ ಕೇಸು. ಎರಡು ದಿನ ಪೊಲೀಸ್ ಕಸ್ಟಡಿ ಮುಗಿಸಿ ಮತ್ತೆ ಕೋರ್ಟಿಗೆ ತಂದಿದ್ದರು. ಕೈ ನಡುಗುತ್ತಿತ್ತು, ಹಣೆ ತುಂಬ ಬೆವರು. ಹೆದರಿಕೆ ಅಂದುಕೊಂಡೆ. ‘ಹೆದರಬೇಡಪ್ಪಾ, ಬೇಲ್ ಹಾಕ್ತೀನಿ’ ಅಂದೆ. ಅವನಿಗೆ ನನ್ನ ಮಾತು ಕೇಳಿಸಿದಂತೆಯೇ ಇರಲಿಲ್ಲ. ಅಂಗಿಯ ತೋಳಿನಿಂದ ಏನನ್ನೋ ಒಂದೊಂದೇ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದ. ಏನದು ಅಂದೆ. ‘ಇರುವೆ’ ಅಂದ. ಒಂದು ಇರುವೆಯೂ ಇರಲಿಲ್ಲ. ನಾಟಕ ಆಡ್ತಿದ್ದಾನೆ ಅಂತ ನನಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವನನ್ನು ಕರೆತಂದಿದ್ದ ವಯಸ್ಸಾದ ಪೇದೆ ಹತ್ತಿರ ಬಂದು, ‘ಮೇಡಂ, ಇವನು ಎಣ್ಣೆ ಬಿಟ್ಟು ಮೂರು ದಿನ ಆಯ್ತು. ನಮ್ಮಣ್ಣ ಹಿಂಗೇ ಮಾಡ್ತಾ ಮಾಡ್ತಾ ಹೋಗಿಬಿಟ್ಟ. ಆಸ್ಪತ್ರೆಗೆ ಕೇಳಿ’ ಅಂದರು. ಕೇಳಿದೆ. ಮ್ಯಾಜಿಸ್ಟ್ರೇಟರು ತಲೆ ಎತ್ತಿ ಅವನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಜಿಲ್ಲಾಸ್ಪತ್ರೆಗೆ ಸೇರಿಸಲು ಬರೆದರು. ಅವನು ಉಳಿದುಕೊಂಡ. ಅವತ್ತು ಅವನ ಜೀವ ಉಳಿಸಿದ್ದು ಆ ಪೇದೆ, ನಾನಲ್ಲ. ಅಂದಿನಿಂದ ಕಸ್ಟಡಿಯಲ್ಲಿರುವ ಯಾರನ್ನು ನೋಡಿದರೂ ನನ್ನ ಮೊದಲ ಪ್ರಶ್ನೆ ಕೇಸಿನದ್ದಲ್ಲ. ಕೊನೆಯ ಸಲ ಕುಡಿದದ್ದು ಯಾವಾಗ?

ದಿನಾ ಬೆಳಿಗ್ಗೆಯಿಂದ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತಾಡುವುದು ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಆಗುತ್ತದೆ. ಆಸ್ಪತ್ರೆಯಲ್ಲಿ ಮಾತ್ರೆ, ವಿಟಮಿನ್ ಇಂಜೆಕ್ಷನ್ ಕೊಟ್ಟು ದಾಟಿಸುತ್ತಾರೆ. ಟೀ ಲೋಟ ಹಿಡಿಯಲಾರದ ನಡುಕ ಅಂತ ಬರೆದಿದ್ದೀರಲ್ಲ, ನಿಮ್ಮ ಯಜಮಾನರು ಆ ಸಾಲಿನಲ್ಲೇ ಇದ್ದಾರೆ. ಅತ್ತೆಗೆ ಈ ಪುಟ ಓದಿ ಹೇಳಿ. ಹಾಗೆಯೇ ಲೈಟ್ ಕಂಬಕ್ಕೆ ಅಂಟಿಸಿರುತ್ತಾರಲ್ಲ, ‘ರೋಗಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು’ ಅಂತ, ಆ ಪುಡಿಯನ್ನು ಸಾರಿಗೆ ಹಾಕಬೇಡಿ. ಅದರಲ್ಲಿ ಏನು ಬೆರೆಸಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಕುಡಿತ ಬಿಡಿಸುವ ಕೆಲವು ಔಷಧಿಗಳ ಮೇಲೆ ಮದ್ಯ ಬಿದ್ದರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ.

ಗಾಡಿಯ ಸೆಂಟರ್ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಯೂ ಸೇರಿದೆ. ಒಪ್ಪಿಗೆ ಇಲ್ಲದವರನ್ನು ಸೇರಿಸಲು ಒಂದು ದಾರಿ ಇದೆ, ಆದರೆ ಕಿರಿದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅದರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ತನಗೋ ಇನ್ನೊಬ್ಬರಿಗೋ ಅಪಾಯ ಮಾಡುವ ಸ್ಥಿತಿ ಇರಬೇಕು. ಅದೂ ಮೊದಲಿಗೆ 30 ದಿನದವರೆಗೆ ಮಾತ್ರ. ನೋಂದಣಿ ಇಲ್ಲದ ಮನೆಯಲ್ಲಿ ಆರು ತಿಂಗಳು ಕೂಡಿಹಾಕುವುದು ಚಿಕಿತ್ಸೆ ಅಲ್ಲ. ಸರಪಳಿ ಹಾಕುವುದನ್ನಂತೂ ಕಾಯ್ದೆ ಪೂರ್ತಿ ನಿಷೇಧಿಸಿದೆ. ಆ ಸೆಂಟರ್‌ನವರಿಗೆ ‘ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ಯಾರು’ ಅಂತ ಎರಡೇ ಪ್ರಶ್ನೆ ಕೇಳಿ. 90 ಸಾವಿರ ಕೊಡುವ ಮುಂಚೆ ಅಷ್ಟಾದರೂ ಕೇಳಬೇಕಲ್ವಾ.

ಬದಲಿಗೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಿನ ಕಡೆಯವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆಯೇ ವಿಚಾರಿಸಿ. ಬಿಪಿಎಲ್ ಕಾರ್ಡ್ ಮರೆಯಬೇಡಿ. ಹೇಗೆ ಒಪ್ಪಿಸುವುದು ಅನ್ನುವುದಕ್ಕೆ ವ್ಯಸನಮುಕ್ತಿ ಸಹಾಯವಾಣಿ 14446, ಇಲ್ಲವೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಮಾತಾಡಿ. ಕುಡಿದಿರುವಾಗ ಈ ಮಾತು ತೆಗೆಯಬೇಡಿ. ಕೈ ನಡುಗಿ ಅವರಿಗೇ ಬೇಸರ ಬಂದ ಬೆಳಿಗ್ಗೆ ತೆಗೆಯಿರಿ.

ಹೊಡೆತ ಇದೆಯಲ್ಲ, ಅದಕ್ಕೆ ಡೈವೋರ್ಸ್, ಜೈಲು ಎರಡನ್ನೂ ಬಿಟ್ಟು ಮೂರನೇ ದಾರಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಇದರ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ನೊಂದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರಕ್ಕೂ ಹೋಗಬಹುದು, ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಮ್ಯಾಜಿಸ್ಟ್ರೇಟರು ‘ಹೊಡೆಯಬಾರದು’, ‘ಹೆಂಡತಿಯ ಬ್ಯಾಂಕ್ ಖಾತೆ ಮುಟ್ಟಬಾರದು’ ಅಂತ ಆದೇಶ ಮಾಡಬಹುದು. ಕುಡಿದು ಮನೆಗೆ ಬಂದು ಗಲಾಟೆ ಮಾಡಬಾರದು ಅಂತಲೂ ಕೇಳಿ. ಮನೆ ಯಾರ ಹೆಸರಿನಲ್ಲಿದ್ದರೂ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ಈ ಕಾಯ್ದೆಯಲ್ಲಿ ಆದೇಶ ಮೀರಿದರೆ ಮಾತ್ರ ಅದು ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ. ಅಂದರೆ ಜೈಲಿನ ಕೀಲಿ ಒಂದು ರೀತಿ ಅವರ ಕೈಯಲ್ಲೇ ಇರುತ್ತದೆ. ನೀವು ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಇದಕ್ಕೂ ವಕೀಲರು ಉಚಿತ. ಕೈ ಎತ್ತಿದ ಕ್ಷಣಕ್ಕೆ 112. ಅದಕ್ಕೆ ಯೋಚನೆ ಮಾಡಬೇಡಿ.

ಎಟಿಎಂ ಕಾರ್ಡಿಗೆ ಕೋರ್ಟ್ ಬೇಡ. ನಾಳೆಯೇ ಬ್ಯಾಂಕಿಗೆ ಹೋಗಿ ಆ ಕಾರ್ಡ್ ಬ್ಲಾಕ್ ಮಾಡಿಸಿ. ಹೊಸದು ತೆಗೆದುಕೊಳ್ಳಲೇಬೇಡಿ, ಪಾಸ್‌ಬುಕ್ ಸಾಕು.

ಪ್ರಶ್ನೆ: ನನಗೆ 26. ಐದು ವರ್ಷದಿಂದ ಗಾಂಜಾ. ಬಿಡಬೇಕು ಅಂತ ಇದ್ದೇನೆ. ಆಸ್ಪತ್ರೆಗೆ ಹೋದರೆ ಡಾಕ್ಟರು ಪೊಲೀಸರಿಗೆ ಹೇಳ್ತಾರೆ ಅಂತ ರೂಮ್‌ಮೇಟ್ ಹೆದರಿಸುತ್ತಾನೆ. ನಿಜವೇ?

ಉತ್ತರ: ನಿಮ್ಮ ರೂಮ್‌ಮೇಟ್‌ಗೆ ನೀವು ಬಿಡುವುದು ಬೇಡವಾಗಿರಬಹುದು. ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು 2017ರ ಕಾಯ್ದೆಯಲ್ಲಿ ರೋಗಿಯ ಹಕ್ಕು. ಚಿಕಿತ್ಸೆಗೆ ಬಂದ ಅನ್ನುವ ಕಾರಣಕ್ಕೆ ಪೊಲೀಸರು ಹಿಡಿದುಕೊಂಡು ಹೋದದ್ದನ್ನು 24 ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಗಾಂಜಾ ಬಿಟ್ಟರೆ ಮೊದಲ ಒಂದೆರಡು ವಾರ ನಿದ್ದೆ ಬರುವುದಿಲ್ಲ, ಸಿಟ್ಟು ಜಾಸ್ತಿ, ಊಟ ಸೇರುವುದಿಲ್ಲ. ಕುಡಿತದ ಹಾಗೆ ಪ್ರಾಣಕ್ಕೆ ಬರುವುದು ಅಪರೂಪ. ಹೊರರೋಗಿ ಚೀಟಿಯನ್ನು ಎಸೆಯಬೇಡಿ. ಮುಂದೆ ಎಂದಾದರೂ ಕೇಸು ಅಂತ ಬಂದರೆ ಆ ಚೀಟಿಯ ತಾರೀಕೇ ನಿಮ್ಮ ಸಾಕ್ಷಿ. ಜೇಬಿನಲ್ಲಿ ಉಳಿದದ್ದನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ.

ಪ್ರಶ್ನೆ: ಗೂಡ್ಸ್ ಗಾಡಿ ಡ್ರೈವರ್ ನಾನು. ಕುಡಿದು ಓಡಿಸಿದ ಕೇಸ್ ಬಿದ್ದಿದೆ, ಮೊದಲ ಸಲ. ದಂಡ 10 ಸಾವಿರ ಅಂತಾರೆ. ಕೋರ್ಟಿಗೆ ಹೋಗದಿದ್ದರೆ ಏನಾಗುತ್ತೆ?

ಉತ್ತರ: ವಾರಂಟ್ ಬರುತ್ತದೆ. ಹೋಗಿ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. ‘ವರೆಗೆ’ ಅನ್ನುವ ಪದ ಜೈಲಿಗೆ ಮಾತ್ರ ಇದೆ, ದಂಡಕ್ಕೆ ಇಲ್ಲ, ಗಮನಿಸಿ. ಜೈಲು ಬೇಡ, ದಂಡ ಸಾಕು ಅಂತ ಮಾತಾಡಲು ವಕೀಲರು ಬೇಕಾಗುವುದು ಅಲ್ಲೇ. ದಂಡಕ್ಕಿಂತ ದೊಡ್ಡ ಭಯ ನಿಮಗೆ ಲೈಸೆನ್ಸ್ ಅಮಾನತಿನದು ಇರಬೇಕು, ಅದನ್ನೂ ವಕೀಲರಿಗೆ ಹೇಳಿ. ನೀವು ಗಂಡಸರು, ಕಸ್ಟಡಿಯಲ್ಲಿ ಇಲ್ಲ, ಪಟ್ಟಿಯ ಬೇರೆ ಯಾವ ಗುಂಪಿಗೂ ಸೇರದಿದ್ದರೆ ಉಚಿತ ವಕೀಲರಿಗೆ ಆದಾಯ ನೋಡುತ್ತಾರೆ. ಆದಾಯದ ಬಗ್ಗೆ ಅಫಿಡವಿಟ್ ಕೊಡಬೇಕಾಗುತ್ತದೆ. ರೇಷನ್ ಕಾರ್ಡ್, ಆಧಾರ್ ನಕಲು ಜೊತೆಗಿರಲಿ. ಒಂದು ಪೆಗ್ಗಿಗೆ ಏನೂ ಆಗಲ್ಲ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ, ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿ.ಗ್ರಾಂ. ಅಷ್ಟೇ.

ಪ್ರಶ್ನೆ: ನಾವು ಸ್ತ್ರೀಶಕ್ತಿ ಸಂಘದ 14 ಜನ. ನಮ್ಮೂರಿಗೆ ಬಾರ್ ಇಲ್ಲ. ಆದರೆ ಎರಡು ಗೂಡಂಗಡಿಯಲ್ಲಿ ಬೆಳಿಗ್ಗೆ ಆರಕ್ಕೇ ಪ್ಯಾಕೆಟ್ ಸಿಗುತ್ತೆ. ಸ್ಟೇಷನ್‌ಗೆ ಹೇಳಿದರೆ ‘ನೋಡ್ತೀವಿ’ ಅಂತಾರೆ. ಸಂಘದ ಹೆಸರಲ್ಲಿ ವಕೀಲರು ಸಿಗುತ್ತಾರಾ?

ಉತ್ತರ: ಸಿಗುತ್ತಾರೆ, ಆದರೆ ಸದ್ಯಕ್ಕೆ ವಕೀಲರಿಗಿಂತ ಕಾಗದ ಮುಖ್ಯ. ಲೈಸೆನ್ಸ್ ಇಲ್ಲದೆ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಅಂಗಡಿ ಮುಂದೆ ಕೂರಿಸಿ ಕುಡಿಸುವುದೂ ಅಪರಾಧ. 2007ರ ಜುಲೈನಲ್ಲಿ ಸಾರಾಯಿ ನಿಂತ ಮೇಲೆ ಹಳ್ಳಿಯಲ್ಲಿ ಅದರ ಜಾಗಕ್ಕೆ ಬಂದು ಕೂತದ್ದೇ ಈ ಪ್ಯಾಕೆಟ್. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ನಡೆದುಕೊಂಡು ಬಂದರಲ್ಲ, ಅವರು ಕೇಳಿದ್ದು ಮದ್ಯವನ್ನೇ ನಿಷೇಧಿಸಿ ಅಂತ.

ಬಾಯಿಮಾತಿನ ದೂರಿಗೆ ಬಾಯಿಮಾತಿನ ಉತ್ತರವೇ ಸಿಗುವುದು. ಒಂದು ವಾರ ಯಾವ ದಿನ, ಎಷ್ಟು ಗಂಟೆಗೆ, ಯಾವ ಅಂಗಡಿ ಅಂತ ಬರೆದಿಡಿ. ಜಗಳಕ್ಕೆ ಹೋಗಬೇಡಿ, ಅಂಗಡಿಗೆ ನುಗ್ಗಿ ಪ್ಯಾಕೆಟ್ ಸುಡಬೇಡಿ. ಆಮೇಲೆ ನಿಮ್ಮ ಮೇಲೇ ಕೇಸು ಬೀಳುತ್ತದೆ. 14 ಜನರೂ ಸಹಿ ಹಾಕಿ, ಹೆಬ್ಬೆಟ್ಟಾದರೂ ಸರಿ. ಅಬಕಾರಿ ಇನ್‌ಸ್ಪೆಕ್ಟರಿಗೆ ಒಂದು, ತಹಸೀಲ್ದಾರರಿಗೆ ಒಂದು, ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು. ಪ್ರತಿಯೊಂದಕ್ಕೂ ನಕಲು ಇಟ್ಟುಕೊಂಡು, ಅದರ ಮೇಲೆ ಟಪಾಲಿನವರ ಹತ್ತಿರ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ. ‘ಇಟ್ಟು ಹೋಗಿ, ಆಮೇಲೆ ಹಾಕ್ತೀವಿ’ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತುಕೊಳ್ಳಿ. 14 ಜನ ಕೂತರೆ ಬೇಗ ಹಾಕುತ್ತಾರೆ.